ಬಲೂನೇರಿ ಜಮೀನು ಅಳೆಯಲು ಹೊರಟ ನಾದಾರ್: ಡ್ರೋನ್ ಸರ್ವೆಯ ಕನಸು 1858ರಷ್ಟು ಹಳೆಯದು!

ಗೂಗಲ್ ಮ್ಯಾಪ್ ತೆರೆದು, ಸ್ಯಾಟಲೈಟ್ ನೋಟಕ್ಕೆ ಬದಲಿಸಿ, ಊರಿನ ಮನೆಯ ಹೆಂಚು ಎಲ್ಲಿದೆ ಎಂದು ಹುಡುಕದವರು ನಮ್ಮಲ್ಲಿ ಕಡಿಮೆ. ಮುಂಬೈಯಲ್ಲೋ ಹೈದರಾಬಾದಿನಲ್ಲೋ ಕೂತು ಹಿತ್ತಲ ತೆಂಗಿನ ಮರ, ಪಕ್ಕದವರು ಒತ್ತಿಕೊಂಡ ಬದು, ಕೆರೆಯ ಏರಿ ಎಲ್ಲವನ್ನೂ ಬೆರಳಲ್ಲಿ ಹಿಗ್ಗಿಸಿ ನೋಡುತ್ತೇವೆ. ನೆಲವನ್ನು ಮೇಲಿನಿಂದ ನೋಡುವುದು ಈಗ ಅಷ್ಟು ಸಲೀಸು.

ಆದರೆ ಆಕಾಶದಿಂದ ಫೋಟೋ ತೆಗೆದು, ಅದರಿಂದಲೇ ಜಮೀನಿನ ನಕ್ಷೆ ತಯಾರಿಸಬಹುದು ಎಂದು 165 ವರ್ಷಗಳಿಗೂ ಹಿಂದೆ ಪೇಟೆಂಟ್ ಪಡೆದವನೊಬ್ಬನಿದ್ದ. ಆತ ಸರ್ವೆ ಅಧಿಕಾರಿಯಲ್ಲ, ಎಂಜಿನಿಯರ್ ಅಲ್ಲ. ಪ್ಯಾರಿಸ್‌ನ ವ್ಯಂಗ್ಯಚಿತ್ರಕಾರ, ಪತ್ರಕರ್ತ, ಅರ್ಧಕ್ಕೇ ವೈದ್ಯಕೀಯ ಬಿಟ್ಟವ, ಸಾಲ ತೀರಿಸಲಾಗದೆ ಒಮ್ಮೆ ಜೈಲು ಕಂಡವ. ಹೆಸರು ನಾದಾರ್.

ಅದೂ ಸ್ವಂತ ಹೆಸರಲ್ಲ. ನಿಜವಾದ ಹೆಸರು ಗಾಸ್ಪಾರ್ ಫೆಲಿಕ್ಸ್ ತೂರ್ನಷೋಂ. ಹುಟ್ಟಿದ್ದು 1820ರ ಏಪ್ರಿಲ್‌ನಲ್ಲಿ, ಪ್ಯಾರಿಸ್‌ನಲ್ಲಿ. ತಂದೆ ಪುಸ್ತಕ ಪ್ರಕಾಶಕ, ಮುದ್ರಕ. ವ್ಯಾಪಾರ ಮುಳುಗಿತು, 1837ರಲ್ಲಿ ತಂದೆ ತೀರಿಕೊಂಡರು. ಲಿಯೋನ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಹುಡುಗ ಹಣವಿಲ್ಲದೆ ಪತ್ರಿಕೆಗಳಿಗೆ ಬರೆಯಲು ಶುರು ಮಾಡಿದ. ಪ್ಯಾರಿಸ್‌ಗೆ ಮರಳಿದ ಮೇಲೆ ಬಡ ಕವಿಗಳು, ಚಿತ್ರಕಾರರ ಗುಂಪು ಸೇರಿದ. ಎಲ್ಲ ಪದಗಳ ಕೊನೆಗೂ ದಾರ್ ಎಂದು ಸೇರಿಸಿ ಮಾತಾಡುವುದು ಆ ಗುಂಪಿನ ತಮಾಷೆ. ತೂರ್ನಷೋಂ ಹೋಗಿ ತೂರ್ನದಾರ್ ಆಯಿತು, ಅದು ಸವೆದು ನಾದಾರ್ ಆಯಿತು.

ಮುಖಗಳ ಗೀಳು

1854ರಲ್ಲಿ ನಾದಾರ್ ಒಂದು ದೊಡ್ಡ ಹಾಳೆಯ ಮೇಲೆ ಫ್ರಾನ್ಸ್‌ನ ಇನ್ನೂರಕ್ಕೂ ಹೆಚ್ಚು ಲೇಖಕರ ವ್ಯಂಗ್ಯಚಿತ್ರಗಳನ್ನು ಮೆರವಣಿಗೆಯಂತೆ ಬಿಡಿಸಿದ. ಪ್ಯಾಂಥಿಯೋನ್ ನಾದಾರ್ ಎಂಬ ಆ ಹಾಳೆಗೆ ಹೆಸರು ಬಂತೇ ಹೊರತು ಹಣ ಬರಲಿಲ್ಲ. ಅದೇ ಹೊತ್ತಿಗೆ ಆತ ಕ್ಯಾಮೆರಾದತ್ತ ತಿರುಗಿದ. ಕವಿ ಬೋದಲೇರ್, ಲೇಖಕಿ ಜಾರ್ಜ್ ಸಾಂಡ್, ಚಿತ್ರಕಾರ ದಲಾಕ್ರ್ವಾ, ಸಂಗೀತಗಾರ ಬೆರ್ಲಿಯೋಜ್, ನಟಿ ಸಾರಾ ಬರ್ನಾರ್ ಇವರ ಮುಖ ಇಂದು ನಮ್ಮ ಕಣ್ಣ ಮುಂದೆ ಹೇಗೆ ಬರುತ್ತದೋ, ಅದು ಹೆಚ್ಚುಕಮ್ಮಿ ನಾದಾರ್ ಸ್ಟುಡಿಯೋದ ಮುಖವೇ. ಕುಂಡ, ಕಂಬ, ಪರದೆ ಯಾವುದೂ ಇಲ್ಲ. ಸಾದಾ ಹಿನ್ನೆಲೆ, ಪಕ್ಕದಿಂದ ಬೆಳಕು, ಎದುರಿಗೊಬ್ಬ ಮನುಷ್ಯ. ಅಷ್ಟೆ.

ತಮ್ಮ ಆದ್ರಿಯಾಂ ಕೂಡ ನಾದಾರ್ ಹೆಸರಿನಲ್ಲೇ ಅಂಗಡಿ ಇಟ್ಟಾಗ ಅಣ್ಣ ಕೋರ್ಟಿಗೆ ಹೋದ. 1857ರ ಕೊನೆಗೆ ಗೆದ್ದ. ಹೆಸರು ತನ್ನೊಬ್ಬನದೇ ಎಂದು ಖಾತ್ರಿಯಾದ ಮರುವರ್ಷವೇ ಆತ ಆಕಾಶಕ್ಕೆ ಕಣ್ಣು ಹಾಕಿದ.

ಸರಪಳಿ ಹಿಡಿದು 40 ವರ್ಷ

ಆಕಾಶಕ್ಕೆ ಏಕೆ? ಬರೀ ಮೋಜಿಗಲ್ಲ. ಅದಕ್ಕೆ ಫ್ರಾನ್ಸ್‌ನ ಕಂದಾಯದ ಕಥೆ ತಿಳಿಯಬೇಕು. ಯಾವ ತುಂಡು ಜಮೀನು ಯಾರದ್ದು, ಎಷ್ಟು ದೊಡ್ಡದು, ಎಷ್ಟು ತೆರಿಗೆ ಎಂದು ಬರೆದಿಡಲು ನೆಪೋಲಿಯನ್ ಕಾಲದಲ್ಲಿ, 1807ರಲ್ಲಿ, ಕಾನೂನು ಬಂತು. ಭೂಮಾಪಕರು ಸರಪಳಿ ಹಿಡಿದು, ಕೋನ ನೋಡಿ, ಹೊಲದಿಂದ ಹೊಲಕ್ಕೆ ನಡೆದು ಅಳೆದರು. ಆ ಕೆಲಸ ಮುಗಿಯುವಾಗ ಸುಮಾರು 1850. ಅಂದರೆ ನಾಲ್ಕು ದಶಕ! ಅಷ್ಟರಲ್ಲಿ ಮೊದಲು ಅಳೆದ ಊರುಗಳಲ್ಲಿ ತಂದೆ ಹೋಗಿ ಮಕ್ಕಳು ಪಾಲು ಮಾಡಿಕೊಂಡಿದ್ದರು. ನಕ್ಷೆ ಹಳತಾಗಿತ್ತು. (ನಮ್ಮಲ್ಲೂ ಆ ಕಾಲ ಸರಪಳಿಯದ್ದೇ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಇಂದಿನ ಚೆನ್ನೈನ ಸೇಂಟ್ ಥಾಮಸ್ ಮೌಂಟ್ ಬಳಿ ಉಕ್ಕಿನ ಸರಪಳಿಯಿಂದ ನೆಲ ಅಳೆದೇ ತನ್ನ ಮಹಾ ಸರ್ವೆ ಮುಂದುವರಿಸಿದ್ದ.)

ನಾದಾರ್ ತಲೆಯಲ್ಲಿ ಹೊಳೆದದ್ದು ಸರಳ. ಬಲೂನಿನ ಬುಟ್ಟಿಯಲ್ಲಿ ಕ್ಯಾಮೆರಾವನ್ನು ನೇರ ಕೆಳಮುಖವಾಗಿ ಕಟ್ಟಿದರೆ ಗದ್ದೆ, ದಾರಿ, ಹೊಳೆ, ಮನೆ ಎಲ್ಲವೂ ಒಂದೇ ಏಟಿಗೆ ಗಾಜಿನ ಮೇಲೆ ಮೂಡುತ್ತವೆ. ಭೂಮಾಪಕ ತಿಂಗಳುಗಟ್ಟಲೆ ನಡೆಯುವ ಊರನ್ನು ಒಂದು ಬೆಳಗಿನಲ್ಲಿ ಮುಗಿಸಬಹುದು. ಇಂಥ ಯೋಚನೆ ಆಗ ಇನ್ನೂ ಕೆಲವರಿಗೆ ಬಂದಿತ್ತು ನಿಜ. ಆದರೆ ಮೇಲೇರಿ ಮಾಡಿಯೇ ತೋರಿಸಲು ಹೊರಟವ ನಾದಾರ್. 1858ರ ಅಕ್ಟೋಬರ್ 23ರಂದು ಪೇಟೆಂಟ್ ಅರ್ಜಿಯನ್ನೂ ಹಾಕಿದ. ಅದರಲ್ಲಿ ಯುದ್ಧದ ಬೇಹುಗಾರಿಕೆಯ ಜೊತೆಗೆ ಭೂಪಟ, ಜಮೀನಿನ ನಕ್ಷೆಯ ಬಳಕೆಯೂ ಇತ್ತು.

ಬುಟ್ಟಿಯೊಳಗೊಂದು ಡಾರ್ಕ್ ರೂಂ

ಕಾಗದದ ಮೇಲೆ ಚೆನ್ನಾಗಿತ್ತು. ಗಾಳಿಯಲ್ಲಿ? ಅಲ್ಲಿಯೇ ಕಷ್ಟ ಶುರುವಾದದ್ದು.

ಆ ಕಾಲದ ಫೋಟೋ ಎಂದರೆ ಅಡುಗೆಯಷ್ಟೇ ಗಡಿಬಿಡಿಯ ಕೆಲಸ. ಗಾಜಿನ ಹಾಳೆಯ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸಮನಾಗಿ ಹರಡಬೇಕು. ಅದನ್ನು ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಬೇಕು. ಒದ್ದೆ ಇರುವಾಗಲೇ ಕ್ಯಾಮೆರಾಗೆ ಹಾಕಿ ಚಿತ್ರ ತೆಗೆಯಬೇಕು, ಒದ್ದೆ ಇರುವಾಗಲೇ ತೊಳೆದು ಚಿತ್ರ ಮೂಡಿಸಬೇಕು. ಒಣಗಿದರೆ ಗಾಜು ಕುರುಡು. ಕೈಯಲ್ಲಿರುವುದು ಹತ್ತು ಹದಿನೈದು ನಿಮಿಷ ಮಾತ್ರ.

ಹಾಗಾಗಿ ನಾದಾರ್ ಇಡೀ ಡಾರ್ಕ್ ರೂಂ ಅನ್ನೇ ಮೇಲಕ್ಕೆ ಹೊತ್ತೊಯ್ದ. ಬುಟ್ಟಿಯ ಮೇಲೆ ಬೆಳಕು ಒಳಬಿಡದ ಕಪ್ಪು ಮತ್ತು ಕಿತ್ತಳೆ ಬಟ್ಟೆಯ ಗುಡಾರ. ಒಳಗೆ ದ್ರಾವಣದ ತಟ್ಟೆಗಳು, ಬಾಟಲಿಗಳು. ಹೊರಗೆ ಗಾಳಿಗೆ ಗಿರಕಿ ಹೊಡೆಯುವ, ಹಗ್ಗಕ್ಕೆ ಕಟ್ಟಿದ ಬಲೂನು. ಈಗ ನಾವು ಸ್ಥಳದಲ್ಲೇ ಪ್ರೊಸೆಸಿಂಗ್ ಎನ್ನುತ್ತೇವಲ್ಲ, ಆತನಿಗೆ ಅದರ ಹೊರತು ಬೇರೆ ದಾರಿಯೇ ಇರಲಿಲ್ಲ!

ಮೊದಲ ಹಾರಾಟದಲ್ಲಿ ಸಿಕ್ಕಿದ್ದು ಕಪ್ಪು ಗಾಜು. ಎರಡನೆಯದರಲ್ಲೂ ಅದೇ. ದ್ರಾವಣ ಬದಲಿಸಿದ, ತಟ್ಟೆ ತೊಳೆದ, ಮತ್ತೆ ಏರಿದ. ಮತ್ತೆ ಕಪ್ಪು. ಸ್ಟುಡಿಯೋದಲ್ಲಿ ಕಣ್ಣು ಮುಚ್ಚಿ ಮಾಡುವ ಕೆಲಸ ಮೇಲೆ ಹೋದ ತಕ್ಷಣ ಕೈಕೊಡುತ್ತಿತ್ತು. ಪ್ರತಿ ಸಲವೂ ಬಲೂನಿಗೆ, ಗ್ಯಾಸಿಗೆ, ಆಳುಗಳಿಗೆ ದುಡ್ಡು ಸುರಿಯಬೇಕು. ಚಳಿಗಾಲ ಹತ್ತಿರ ಬರುತ್ತಿತ್ತು.

ಒಂದು ದಿನ ಪ್ಯಾರಿಸ್ ಹೊರವಲಯದ ಪೆತಿ ಬಿಸೆತ್ರ್ ಎಂಬಲ್ಲಿ ಪ್ರಯತ್ನ ಮತ್ತೆ ಸೋತಿತು. ಬಲೂನಿನ ಬುಡದ ಕುತ್ತಿಗೆಯನ್ನು ಮುಚ್ಚಿ, ಒಳಗಿನ ಗ್ಯಾಸ್ ಹಾಗೇ ಉಳಿಯಲಿ ಎಂದು ರಾತ್ರಿ ಬಿಟ್ಟರು. ಬೆಳಿಗ್ಗೆ ನೋಡಿದರೆ ಮಂಜು, ಜಿನುಗು ಮಳೆ, ಚಳಿಗೆ ಕುಗ್ಗಿದ ಬಲೂನು. ಅದು ನಾದಾರ್ ಭಾರವನ್ನೂ ಎತ್ತುವಂತಿರಲಿಲ್ಲ. ಆತ ಮುಂದೆ ತನ್ನ ನೆನಪಿನ ಪುಸ್ತಕದಲ್ಲಿ ಹೇಳಿಕೊಂಡಂತೆ, ಭಾರ ಕಡಿಮೆ ಮಾಡಲು ಸಾಮಾನು ಇಳಿಸಿದ, ಕೋಟು ಕಳಚಿದ, ಬೂಟೂ ಬಿಚ್ಚಿದ. ಕೊನೆಗೆ ಮೊದಲೇ ಸಿದ್ಧಪಡಿಸಿದ ಒಂದು ಗಾಜಿನೊಂದಿಗೆ ಸುಮಾರು 80 ಮೀಟರ್ ಏರಿ, ಚಿತ್ರ ತೆಗೆದು, ಗಡಗಡ ನಡುಗುತ್ತಾ ಇಳಿದ.

ಚಿತ್ರ ಮೂಡಿತು! ತೀರಾ ಮಸುಕು, ಕಲೆಗಳು ಬೇರೆ. ಆದರೂ ಆ ಹಳ್ಳಿಯ ಮೂರು ಕಟ್ಟಡಗಳು, ಒಂದು ತೋಟದ ಮನೆ, ಒಂದು ಛತ್ರ, ಒಂದು ಪೊಲೀಸ್ ಠಾಣೆ, ಸ್ಪಷ್ಟವಾಗಿ ಗುರುತು ಸಿಗುತ್ತಿದ್ದವು. ರಸ್ತೆಯಲ್ಲಿ ನಿಂತ ಗಾಡಿ ಕಾಣುತ್ತಿತ್ತು. ಹೆಂಚಿನ ಮೇಲೆ ಕೂತ ಎರಡು ಬಿಳಿ ಪಾರಿವಾಳಗಳೂ ಕಾಣುತ್ತಿದ್ದವಂತೆ.

ಹಿಂದಿನ ಗಾಜುಗಳೆಲ್ಲ ಏಕೆ ಕಪ್ಪಾದವು ಎಂಬ ಗುಟ್ಟು ಆಗ ಬಯಲಾಯಿತು. ಬಲೂನಿಗೆ ತುಂಬುತ್ತಿದ್ದದ್ದು ಬೀದಿ ದೀಪಕ್ಕೆ ಬಳಸುವ ಕಲ್ಲಿದ್ದಲಿನ ಗ್ಯಾಸ್. ಮೇಲೇರಿದಂತೆ ಅದು ಹಿಗ್ಗುತ್ತದೆ, ಬಲೂನು ಒಡೆಯದಿರಲಿ ಎಂದು ಬುಡದ ಕುತ್ತಿಗೆಯನ್ನು ತೆರೆದಿಡುತ್ತಾರೆ. ಅಲ್ಲಿಂದ ಹೊರಬರುವ ಗ್ಯಾಸ್ ನೇರ ಬುಟ್ಟಿಯ ಮೇಲೆ, ಅಂದರೆ ಬೆಳ್ಳಿಯ ದ್ರಾವಣದ ಮೇಲೆ. ಅದರಲ್ಲಿದ್ದ ಹೈಡ್ರೋಜನ್ ಸಲ್ಫೈಡ್ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ದೇವರ ಮನೆಯ ಬೆಳ್ಳಿ ದೀಪ ನಾಲ್ಕು ತಿಂಗಳಿಗೆ ಕಪ್ಪಾಗುತ್ತದಲ್ಲ, ಅದೇ ಕೆಲಸ ಇಲ್ಲಿ ನಿಮಿಷಗಳಲ್ಲಿ ನಡೆಯುತ್ತಿತ್ತು. ದುಡ್ಡು ಉಳಿಸಲು ಕುತ್ತಿಗೆ ಮುಚ್ಚಿದ್ದೇ ಫೋಟೋವನ್ನು ಉಳಿಸಿತು. ನನಗಂತೂ ಈತನ ಜೀವನದಲ್ಲಿ ಅತ್ಯಂತ ಇಷ್ಟವಾದ ಘಟನೆ ಇದು. ವಿಜ್ಞಾನದ ಪುಸ್ತಕದಲ್ಲಿ ಸಿಗದ ಉತ್ತರ ಬಡತನದಿಂದ ಸಿಕ್ಕಿತು.

ಆ ಮೊದಲ ಗಾಜು ಇಂದು ಎಲ್ಲೂ ಉಳಿದಿಲ್ಲ. ಹಾಗಾಗಿ ಉಳಿದಿರುವ ಅತಿ ಹಳೆಯ ವೈಮಾನಿಕ ಚಿತ್ರದ ಪಟ್ಟ ಅಮೆರಿಕದ ಜೇಮ್ಸ್ ವಾಲೇಸ್ ಬ್ಲ್ಯಾಕ್ 1860ರಲ್ಲಿ ತೆಗೆದ ಬೋಸ್ಟನ್ ನಗರದ ಚಿತ್ರಕ್ಕೆ ಹೋಗಿದೆ. ನಾದಾರ್ 1868ರಲ್ಲಿ ಮತ್ತೆ ಬಲೂನೇರಿ ತೆಗೆದ ಪ್ಯಾರಿಸ್ ಚಿತ್ರಗಳು ಮಾತ್ರ ಉಳಿದಿವೆ. ಅವುಗಳಲ್ಲಿ ವಿಜಯ ಕಮಾನು, ಅದರಿಂದ ಹೊರಟ ಅಗಲ ರಸ್ತೆಗಳು, ಮನೆಗಳ ಸಾಲು ನೋಡಬಹುದು.

ಫೋಟೋ ಬಂತು, ನಕ್ಷೆ ಬರಲಿಲ್ಲ

ಹಾಗಾದರೆ ನಾದಾರ್ ಫ್ರಾನ್ಸ್‌ನ ಹೊಲಗಳನ್ನೆಲ್ಲ ಅಳೆದನೇ? ಇಲ್ಲ. ಒಂದು ಊರನ್ನೂ ಅಳೆಯಲಿಲ್ಲ.

ಫೋಟೋ ಬೇರೆ, ನಕ್ಷೆ ಬೇರೆ. ಕ್ಯಾಮೆರಾ ಒಂದಿಷ್ಟು ವಾಲಿದರೂ ಹತ್ತಿರದ ಗದ್ದೆ ದೊಡ್ಡದು, ದೂರದ ಗದ್ದೆ ಚಿಕ್ಕದು ಕಾಣುತ್ತದೆ. ಗುಡ್ಡದ ತುದಿ ತನ್ನ ಜಾಗ ಬಿಟ್ಟು ಸರಿದಂತೆ ಮೂಡುತ್ತದೆ. ಒಂದು ಊರನ್ನು ಪೂರ್ತಿ ಹಿಡಿಯಲು ಹತ್ತಾರು ಚಿತ್ರ ಬೇಕು, ಒಂದರ ಅಂಚು ಇನ್ನೊಂದರ ಮೇಲೆ ಬರಬೇಕು, ಎಲ್ಲವೂ ಒಂದೇ ಎತ್ತರದಿಂದ ಇರಬೇಕು. ಹಗ್ಗಕ್ಕೆ ಕಟ್ಟಿದ ಬಲೂನು ಒಂದೇ ಕಡೆ ತೂಗಾಡುತ್ತದೆ. ಹಗ್ಗ ಬಿಚ್ಚಿದರೆ ಗಾಳಿ ಒಯ್ದ ಕಡೆ ಹೋಗುತ್ತದೆ. ಇಂಥ ಊರಿನ ಮೇಲೆ ಹೀಗೇ ಸಾಲಾಗಿ ಹೋಗು ಎಂದರೆ ಅದು ಕೇಳುವುದಿಲ್ಲ. ಅದೇ ಕಾಲದಲ್ಲಿ ಫೋಟೋದಿಂದ ನಕ್ಷೆ ಮಾಡುವ ಗಣಿತವನ್ನು ರೂಪಿಸುತ್ತಿದ್ದ ಸೇನಾ ಎಂಜಿನಿಯರ್ ಎಮೆ ಲೋಸೆದಾ ಕೂಡ ಬಲೂನನ್ನು ನೋಡಿ ಕೈಬಿಟ್ಟು, ನೆಲದ ಮೇಲೆಯೇ ಕ್ಯಾಮೆರಾ ನಿಲ್ಲಿಸಿ ಕೆಲಸ ಮುಂದುವರಿಸಿದ.

1859ರಲ್ಲಿ ಇಟಲಿಯ ಯುದ್ಧಕ್ಕೆ ಬಲೂನಿನಿಂದ ಚಿತ್ರ ತೆಗೆದುಕೊಡಲು ಕರೆ ಬಂದಿತ್ತು, ತಾನು ಒಪ್ಪಲಿಲ್ಲ ಎಂದು ನಾದಾರ್ ಬರೆದುಕೊಂಡಿದ್ದಾನೆ. ಚಕ್ರವರ್ತಿ ಮೂರನೇ ನೆಪೋಲಿಯನ್ ಕಂಡರೆ ಆತನಿಗೆ ಆಗುತ್ತಿರಲಿಲ್ಲ.

ಮೇಲಿನದು ಸದ್ಯಕ್ಕೆ ಆಗದು ಎಂದಾಗ ಆತ ಕೆಳಗೆ ಇಳಿದ. 1861ರ ಸುಮಾರಿಗೆ ಪ್ಯಾರಿಸ್‌ನ ನೆಲದಡಿಯ ಎಲುಬಿನ ಗೂಡುಗಳಿಗೂ ಚರಂಡಿ ಸುರಂಗಗಳಿಗೂ ಬ್ಯಾಟರಿ ದೀಪ ಹೊತ್ತು ನಡೆದು ಚಿತ್ರ ತೆಗೆದ. ಒಂದೊಂದು ಚಿತ್ರಕ್ಕೆ 18 ನಿಮಿಷದವರೆಗೆ ಅಲುಗಾಡದೆ ನಿಲ್ಲಬೇಕಿತ್ತು. ಮನುಷ್ಯರಿಂದ ಆಗದ್ದಕ್ಕೆ ಕೆಲಸಗಾರರ ಜಾಗದಲ್ಲಿ ಬೊಂಬೆ ನಿಲ್ಲಿಸಿದ. 1862ರಲ್ಲಿ ಚಿತ್ರಕಾರ ಒನೊರೆ ದೋಮಿಯೇ ಈತನ ಮೇಲೆ ಬಿಡಿಸಿದ ವ್ಯಂಗ್ಯಚಿತ್ರ ಇಂದಿಗೂ ಪ್ರಸಿದ್ಧ. ಅದರಲ್ಲಿ ಟೋಪಿ ಹಾರಿಹೋಗುತ್ತಿದ್ದರೂ ಲೆಕ್ಕಿಸದೆ ನಾದಾರ್ ಬಲೂನಿನಿಂದ ಕ್ಯಾಮೆರಾ ಹಿಡಿದಿದ್ದಾನೆ. ಕೆಳಗಿನ ಪ್ರತಿ ಕಟ್ಟಡದ ಮೇಲೂ ಫೋಟೋ ಸ್ಟುಡಿಯೋ ಬೋರ್ಡು.

ಬಲೂನು ಬೇಡವೆನ್ನಲು ದೊಡ್ಡ ಬಲೂನು

ಬಲೂನನ್ನು ನಂಬಿ ಕೆಟ್ಟವ ಅದನ್ನು ಬಯ್ಯುವುದು ಸಹಜ. ನಾದಾರ್ ಒಂದು ಹೆಜ್ಜೆ ಮುಂದೆ ಹೋದ. ಗಾಳಿಗಿಂತ ಹಗುರಾದದ್ದು ಎಂದೂ ಗಾಳಿಯ ಮಾತೇ ಕೇಳುತ್ತದೆ, ಗಾಳಿಗಿಂತ ಭಾರವಾದ ಯಂತ್ರ ಮಾತ್ರ ಹೇಳಿದ ಕಡೆ ಹೋಗುತ್ತದೆ ಎಂದು ತೀರ್ಮಾನಿಸಿದ. ವಿಮಾನ ಹುಟ್ಟುವ 40 ವರ್ಷ ಮೊದಲು! 1863ರಲ್ಲಿ ಗೆಳೆಯರಾದ ಪೊಂತೋಂ ದಾಮೆಕೂರ್ ಮತ್ತು ಲಾ ಲಾಂದೆಲ್ ಜೊತೆ ಅದಕ್ಕಾಗಿಯೇ ಸಂಘ ಕಟ್ಟಿದ. ಯುವ ಲೇಖಕ ಜೂಲ್ಸ್ ವರ್ನ್ ಕೂಡ ಅದರಲ್ಲಿದ್ದ. ವರ್ನ್ ಮುಂದೆ ಚಂದ್ರಯಾನದ ಕಾದಂಬರಿ ಬರೆದಾಗ ಅದರ ಸಾಹಸಿಗೆ ಆರ್ದಾಂ ಎಂದು ಹೆಸರಿಟ್ಟ. ಫ್ರೆಂಚ್ ಕಾಗುಣಿತದಲ್ಲಿ ನಾದಾರ್ ಅಕ್ಷರಗಳನ್ನೇ ಹಿಂದುಮುಂದು ಮಾಡಿದರೆ ಸಿಗುವುದು ಆ ಹೆಸರು.

ಸಂಘಕ್ಕೆ ಹಣ ಬೇಕಲ್ಲ? ಅದಕ್ಕೆ ಆತ ಕಂಡುಕೊಂಡ ದಾರಿ ಜಗತ್ತಿನ ಅತಿ ದೊಡ್ಡ ಬಲೂನು ಕಟ್ಟಿ ಟಿಕೆಟ್ ಮಾರುವುದು. ಲ ಜೆಯಾಂ, ಅಂದರೆ ದೈತ್ಯ. 6,000 ಘನ ಮೀಟರ್ ಗ್ಯಾಸ್ ಹಿಡಿಯುವ ರೇಷ್ಮೆಯ ಚೀಲ, ಕೆಳಗೆ ಎರಡು ಅಂತಸ್ತಿನ ಬೆತ್ತದ ಮನೆ, ಅದರಲ್ಲಿ ಫೋಟೋ ಕೋಣೆಯೂ ಇತ್ತು. 1863ರ ಅಕ್ಟೋಬರ್ 4ರಂದು ಭಾರಿ ಜನಜಂಗುಳಿಯ ಮುಂದೆ ಏರಿದ ದೈತ್ಯ, ಅದೇ ರಾತ್ರಿ ಪ್ಯಾರಿಸ್‌ಗೆ ಹತ್ತಿರದಲ್ಲೇ ಇರುವ ಮೋ ಬಳಿ ಇಳಿಯಿತು. ನಗೆಪಾಟಲಾಯಿತು.

ಎರಡು ವಾರ ಬಿಟ್ಟು ಮತ್ತೆ ಏರಿದರು. ಒಟ್ಟು ಒಂಬತ್ತು ಜನ, ಅವರಲ್ಲಿ ನಾದಾರ್ ಪತ್ನಿ ಎರ್ನೆಸ್ತೀನ್ ಕೂಡ. ರಾತ್ರಿಯಿಡೀ ಹಾರಿ ಬೆಳಿಗ್ಗೆ ಜರ್ಮನಿಯ ಹ್ಯಾನೋವರ್ ಪ್ರಾಂತ್ಯ ತಲುಪಿದರು. ಇಳಿಯುವಾಗ ಬಿರುಗಾಳಿ. ಲಂಗರು ನಿಲ್ಲಲಿಲ್ಲ. ಬೆತ್ತದ ಮನೆಯನ್ನು ಬಲೂನು ಹೊಲ, ಬೇಲಿ, ಮರಗಳ ಮೇಲೆ ಮೈಲುಗಟ್ಟಲೆ ಎಳೆದಾಡಿತು. ರೈಲೊಂದಕ್ಕೆ ಬಡಿಯುವುದು ಕೂದಲೆಳೆಯಲ್ಲಿ ತಪ್ಪಿತು. ಜೀವ ಹೋಗಲಿಲ್ಲ, ಆದರೆ ನಾದಾರ್ ಕಾಲು ಮುರಿಯಿತು, ಎರ್ನೆಸ್ತೀನ್‌ಗೆ ಬಲವಾದ ಪೆಟ್ಟಾಯಿತು. ಬಲೂನಿಗೆ ದಿಕ್ಕು ತೋರಿಸಲಾಗದು ಎಂಬ ತನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಆತನಿಗೆ ಬೇಕಿರಲಿಲ್ಲ. ಟಿಕೆಟ್ ಹಣ ಖರ್ಚಿಗೇ ಸಾಲಲಿಲ್ಲ, ವಿಮಾನಕ್ಕೆಂದು ಕೂಡಿಸಲು ಹೊರಟವ ಸಾಲಗಾರನಾದ. ಆ ಸಾಲದ ಬಿಸಿಯಲ್ಲಿ ಸ್ಟುಡಿಯೋ ನಡೆಸಿದ್ದು ಬಹುಮಟ್ಟಿಗೆ ಎರ್ನೆಸ್ತೀನ್ ಎಂಬುದನ್ನು ಮರೆಯಬಾರದು.

ಮರುವರ್ಷ ಬ್ರಸೆಲ್ಸ್‌ನಲ್ಲಿ ದೈತ್ಯ ಏರುವಾಗ ಜನರನ್ನು ದೂರವಿಡಲು ಅಡ್ಡಗಂಬಿಗಳನ್ನು ಇಟ್ಟರು. ಬೆಲ್ಜಿಯಂನಲ್ಲಿ ಇಂದಿಗೂ ರಸ್ತೆ ಬ್ಯಾರಿಕೇಡ್‌ಗೆ ನಾದಾರ್ ಎಂದೇ ಹೆಸರು.

ಮುತ್ತಿಗೆಯ ದಿನಗಳು

1870ರ ಸೆಪ್ಟೆಂಬರ್‌ನಲ್ಲಿ ಪ್ರಷ್ಯಾ ಸೇನೆ ಪ್ಯಾರಿಸ್ ಸುತ್ತುವರಿದಾಗ ಆತನಿಗೆ 50 ವರ್ಷ. ಊರಿಂದ ಹೊರಗೆ ಒಂದು ಕಾಗದವೂ ಹೋಗುವಂತಿರಲಿಲ್ಲ. ನಾದಾರ್ ಇಬ್ಬರು ಜೊತೆಗಾರರೊಂದಿಗೆ ಮೊಂಮಾರ್ತ್ರ್ ಗುಡ್ಡದ ಬುಡದಲ್ಲಿ ಬಲೂನು ಪಡೆ ಕಟ್ಟಿದ. ಸೆಪ್ಟೆಂಬರ್ 23ರಂದು ಅವರಲ್ಲೊಬ್ಬನಾದ ಜೂಲ್ ದ್ಯುರುವೋಫ್ ಅಂಚೆ ಚೀಲಗಳೊಂದಿಗೆ ಶತ್ರುಗಳ ತಲೆ ಮೇಲೆ ಹಾರಿಹೋದ. ಅಕ್ಟೋಬರ್ 7ರಂದು ಅದೇ ಜಾಗದಿಂದ ಸಚಿವ ಲಿಯೋ ಗಾಂಬೆತ್ತಾ ಹಾರಿದ. ಮುತ್ತಿಗೆ ಮುಗಿಯುವಷ್ಟರಲ್ಲಿ 60ಕ್ಕೂ ಹೆಚ್ಚು ಬಲೂನುಗಳು ಊರು ಬಿಟ್ಟಿದ್ದವು. ಹೊರಡುವುದಷ್ಟೇ ಸಾಧ್ಯ, ಗಾಳಿ ಒಂದನ್ನೂ ವಾಪಸ್ ತರಲಿಲ್ಲ. ಮರಳಿ ಬರುವ ಕಾಗದಗಳಿಗೆ ಪಾರಿವಾಳಗಳನ್ನೇ ನಂಬಬೇಕಾಯಿತು. ರೆನೆ ದಾಗ್ರೋಂ ಎಂಬ ಫೋಟೋಗ್ರಾಫರ್ ಸಾವಿರಾರು ಕಾಗದಗಳನ್ನು ಉಗುರಿನಷ್ಟು ಫಿಲ್ಮಿಗೆ ಇಳಿಸಿ ಪಾರಿವಾಳದ ಬಾಲಕ್ಕೆ ಕಟ್ಟಿಸಿದ.

ಯುದ್ಧ ಮುಗಿದಾಗ ನಾದಾರ್ ಕೈ ಖಾಲಿ. ಕಾಪುಸೀನ್ ಬೀದಿಯ ದೊಡ್ಡ ಸ್ಟುಡಿಯೋ ಬಿಟ್ಟ. 1874ರಲ್ಲಿ ಅದೇ ಕೋಣೆಗಳಲ್ಲಿ ಮೊನೆ, ರೆನ್ವಾರ್, ದೆಗಾ ಮೊದಲಾದವರು ತಮ್ಮ ಮೊದಲ ಪ್ರದರ್ಶನ ನಡೆಸಿದರು. ಇಂಪ್ರೆಷನಿಸ್ಟ್ ಚಿತ್ರಕಲೆ ಶುರುವಾದದ್ದು ಅಲ್ಲಿ.

ಇಂದು ಬಿಳಿ ಗೆರೆ, ಮೇಲೆ ಡ್ರೋನ್

ನಾದಾರ್‌ಗೆ ಸಿಗದಿದ್ದದ್ದು ಏನು ಎಂದು ನೋಡಲು ಈಗ ದೂರ ಹೋಗಬೇಕಿಲ್ಲ. 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ಆರಂಭಿಸಿದ ಸ್ವಾಮಿತ್ವ ಯೋಜನೆಯ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕ, ಮಹಾರಾಷ್ಟ್ರ ಎರಡೂ ಇದ್ದವು. ಗ್ರಾಮಠಾಣಾ ಜಾಗದಲ್ಲಿ ಮನೆಗಳ ಗಡಿಗೆ ಸುಣ್ಣದ ಪುಡಿಯಲ್ಲಿ ಬಿಳಿ ಗೆರೆ ಎಳೆಯುತ್ತಾರೆ. ಡ್ರೋನ್ ಮೊದಲೇ ಹಾಕಿಕೊಟ್ಟ ಸಾಲಿನಲ್ಲಿ ಹೋಗಿ ಬಂದು, ಒಂದರ ಮೇಲೊಂದು ಅಂಚು ಬರುವಂತೆ ನೂರಾರು ಚಿತ್ರ ತೆಗೆಯುತ್ತದೆ. ಪ್ರತಿ ಚಿತ್ರಕ್ಕೂ ಉಪಗ್ರಹ ಆಧಾರಿತ ಸ್ಥಾನದ ಗುರುತು ಇರುತ್ತದೆ. ಕಂಪ್ಯೂಟರ್ ಅಕ್ಕಪಕ್ಕದ ಚಿತ್ರಗಳಲ್ಲಿ ಒಂದೇ ಹೆಂಚು, ಒಂದೇ ಕಲ್ಲು ಎಲ್ಲೆಲ್ಲಿದೆ ಎಂದು ಹುಡುಕಿ, ಕ್ಯಾಮೆರಾ ಎಷ್ಟು ವಾಲಿತ್ತು ಎಂದು ಲೆಕ್ಕ ಹಾಕಿ, ಗುಡ್ಡದ ಏರುಪೇರು ಸರಿಪಡಿಸಿ, ಎಲ್ಲವನ್ನೂ ಹೊಲಿದು ಒಂದೇ ನಕ್ಷೆ ಮಾಡುತ್ತದೆ. ಕೆಲವೇ ಸೆಂಟಿಮೀಟರ್‌ಗಳ ವಿವರವೂ ಅದರಲ್ಲಿ ಕಾಣುತ್ತದೆ. ಅದನ್ನು ಸ್ಥಳದಲ್ಲಿ ತಾಳೆ ನೋಡಿದ ಮೇಲೆ ಆಸ್ತಿ ಕಾರ್ಡ್.

ಹೊರ ರಾಜ್ಯಗಳಲ್ಲಿ ಇರುವವರು ಇಲ್ಲೊಂದು ವಿಷಯ ಗಮನಿಸಬೇಕು. ಡ್ರೋನ್ ಗೋಡೆಯನ್ನು ನೋಡುತ್ತದೆ, ಮಾಲೀಕನನ್ನಲ್ಲ. ಆ ಬಿಳಿ ಗೆರೆ ಎಲ್ಲಿ ಬೀಳಬೇಕು ಎಂದು ಹೇಳುವವರು ಊರಲ್ಲಿ ನಿಂತ ಜನ. ನಿಮ್ಮ ಪಾಲಿನ ಮನೆಗೆ ಬೀಗ ಬಿದ್ದು ವರ್ಷಗಳಾಗಿದ್ದರೆ, ಸರ್ವೆ ಪ್ರಕಟಣೆ ಬಂದಾಗ ಒಬ್ಬರಾದರೂ ಅಲ್ಲಿರುವುದು ಒಳ್ಳೆಯದು. ಆಕ್ಷೇಪಣೆಗೆ ಅವಧಿ ಇರುತ್ತದೆ, ಆದರೆ ಅದು ಮುಗಿದ ಮೇಲೆ ಓಡಾಟ ಜಾಸ್ತಿ.

ಕೊನೆಯ ವರ್ಷಗಳು

ನಾದಾರ್ ದೀರ್ಘಕಾಲ ಬದುಕಿದ. 1886ರಲ್ಲಿ ನೂರು ತುಂಬಿದ ರಸಾಯನ ವಿಜ್ಞಾನಿ ಶೆವ್ರೆಲ್ ಜೊತೆ ಆತ ಮಾತಾಡುತ್ತಿದ್ದಂತೆ ಮಗ ಪೋಲ್ ಒಂದರ ಹಿಂದೊಂದು ಚಿತ್ರ ತೆಗೆದ. ಪತ್ರಿಕೆಯಲ್ಲಿ ಬಂದ ಮೊದಲ ಫೋಟೋ ಸಂದರ್ಶನ ಅದೇ ಎನ್ನುತ್ತಾರೆ. 1887ರಲ್ಲಿ ಎರ್ನೆಸ್ತೀನ್‌ಗೆ ಪಾರ್ಶ್ವವಾಯು ಹೊಡೆಯಿತು. ಸ್ಟುಡಿಯೋ ಮಗನ ಕೈ ಸೇರಿತು. ಇಳಿವಯಸ್ಸಿನಲ್ಲಿ ಮಾರ್ಸೇ ನಗರಕ್ಕೆ ಹೋಗಿ ಮತ್ತೆ ಸ್ಟುಡಿಯೋ ತೆರೆದ, 1900ರಲ್ಲಿ ನೆನಪಿನ ಪುಸ್ತಕ ಪ್ರಕಟಿಸಿದ, ಮತ್ತೆ ಪ್ಯಾರಿಸ್‌ಗೆ ಮರಳಿದ.

1909 ಆತನಿಗೆ ಎರಡೂ ಬಗೆಯ ವರ್ಷ. ಎರ್ನೆಸ್ತೀನ್ ತೀರಿಕೊಂಡಳು. ಏಪ್ರಿಲ್‌ನಲ್ಲಿ ರೋಮ್ ಬಳಿ ವಿಲ್ಬರ್ ರೈಟ್‌ನ ವಿಮಾನದಲ್ಲಿ ಕ್ಯಾಮೆರಾ ಇಟ್ಟು ನೆಲದ ಚಲನಚಿತ್ರ ತೆಗೆದರು. ಅಂದರೆ ಗಾಳಿಗಿಂತ ಭಾರವಾದ, ಹೇಳಿದ ಕಡೆ ಹೋಗುವ ಯಂತ್ರದಿಂದ. ಜುಲೈ 25ರಂದು ಲೂಯಿ ಬ್ಲೇರಿಯೋ ವಿಮಾನದಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿದ. 89ರ ನಾದಾರ್ ಆತನಿಗೆ ಅಭಿನಂದನೆಯ ತಂತಿ ಕಳಿಸಿದ.

1910ರ ಮಾರ್ಚ್‌ನಲ್ಲಿ, 90 ತುಂಬಲು ಕೆಲವೇ ದಿನ ಇರುವಾಗ, ಆತ ಕೊನೆಯುಸಿರೆಳೆದ. ಪ್ಯಾರಿಸ್‌ನ ಪೇರ್ ಲಾಷೆಸ್ ಸ್ಮಶಾನದಲ್ಲಿ ಸಮಾಧಿ ಇದೆ. ನಾಲ್ಕೇ ವರ್ಷದಲ್ಲಿ ಮೊದಲ ಮಹಾಯುದ್ಧ ಶುರುವಾಗಿ, ಫ್ರಾನ್ಸ್‌ನ ಹೊಲಗಳ ಮೇಲೆ ವಿಮಾನಗಳು ದಿನವೂ ಸಾಲುಸಾಲಾಗಿ ಹಾರಿ ಫೋಟೋ ತೆಗೆದವು, ಆ ಫೋಟೋಗಳಿಂದ ನಕ್ಷೆಗಳು ತಯಾರಾದವು. ಅವುಗಳಲ್ಲಿ ಗುರುತು ಹಾಕಿದ್ದು ಹೊಲದ ಬದುಗಳನ್ನಲ್ಲ, ಕಂದಕಗಳನ್ನು.